ಮಗನ ಮೌಲ್ಯಮಾಪನಕ್ಕೆ ಹೋಗುವ ಮುನ್ನ

ನಾಲ್ಕನೆಯ ತರಗತಿಯ ಮಗನಿಗೆ ಮನೋವೈಜ್ಞಾನಿಕ ಮೌಲ್ಯಮಾಪನ ಮಾಡಿಸುವಂತೆ ಶಾಲೆಯವರು ಸೂಚಿಸಿದ್ದಾರೆ, ಅದಕ್ಕೆ ಮೊದಲು ಪ್ರಶ್ನೆಗಳನ್ನು ಅಭ್ಯಾಸ ಮಾಡಿಸಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಮಾಡಿಸಬೇಡಿ. ಬುದ್ಧಿಮತ್ತೆಯ ಪರೀಕ್ಷೆಗಳು ಮಗು ಆ ಪ್ರಶ್ನೆಗಳನ್ನು ಮೊದಲ ಬಾರಿಗೆ ನೋಡುತ್ತಿದೆ ಎಂಬ ಆಧಾರದ ಮೇಲೆಯೇ ರೂಪುಗೊಂಡಿರುವುದರಿಂದ, ಅಭ್ಯಾಸ ಮಾಡಿಸಿದರೆ ನಿಜವಾದ ತೊಂದರೆಯೇ ಮರೆಯಾಗಬಹುದು.

ಮೊದಲು ಕಣ್ಣು ಮತ್ತು ಕಿವಿಯ ತಪಾಸಣೆ ಮುಗಿಸಿಕೊಳ್ಳಿ. ಪರೀಕ್ಷಿಸುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಕ್ಲಿನಿಕಲ್ ಸೈಕಾಲಜಿಸ್ಟ್ ಹೌದೇ ಎಂದು ಕೇಳಿ ತಿಳಿದುಕೊಳ್ಳಿ. ಹಾಗೆ ಕೇಳುವುದು ಅಗೌರವವಲ್ಲ. ಮಗು ಯಾವ ಮಾಧ್ಯಮದಲ್ಲಿ ಓದುತ್ತಿದೆ, ಮನೆಯ ಮಾತು ಯಾವುದು ಎಂಬುದನ್ನು ತಪ್ಪದೆ ಹೇಳಿ, ಏಕೆಂದರೆ ಮನೆಯಲ್ಲಿ ತುಳು ಅಥವಾ ಉರ್ದು ಆಡುವ ಮಗು ಇಂಗ್ಲಿಷಿನಲ್ಲಿ ತಡವರಿಸುವುದನ್ನು ಕಲಿಕಾ ನ್ಯೂನತೆಯೆಂದು (ಓದು, ಬರಹ ಅಥವಾ ಲೆಕ್ಕ ಕಲಿಯುವುದರಲ್ಲಿ ಮಾತ್ರ ಕಾಣುವ ತೊಂದರೆಯೆಂದು) ತಪ್ಪಾಗಿ ತಿಳಿಯುವ ಅಪಾಯವಿದೆ.

ಹಳೆಯ ನೋಟ್‌ಪುಸ್ತಕಗಳನ್ನು ಕೊಂಡೊಯ್ಯಿರಿ. ನನ್ನ ಮಗಳ ಸರದಿ ಬಂದಾಗ ಪರೀಕ್ಷಕರು ಅಂಕಪಟ್ಟಿಗಿಂತ ಹೆಚ್ಚು ಹೊತ್ತು ನೋಡಿದ್ದು ಅವಳ ಉಕ್ತಲೇಖನದ ಪುಟವನ್ನು: ‘ಅಮ್ಮ’ ಎಂಬಲ್ಲೆಲ್ಲ ‘ಅಮ’, ‘ಅಕ್ಕ’ ಎಂಬಲ್ಲೆಲ್ಲ ‘ಅಕ’, ಒಂದು ಒತ್ತಕ್ಷರವೂ ಇರಲಿಲ್ಲ.

ನಿರ್ದಿಷ್ಟ ಕಲಿಕಾ ನ್ಯೂನತೆಯು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ವ್ಯಾಪ್ತಿಯಲ್ಲಿದೆ. ಆದ್ದರಿಂದ ವರದಿಯಲ್ಲಿ ಅಂಕಗಳಷ್ಟೇ ಅಲ್ಲದೆ, ಶಾಲೆಯ ಪರೀಕ್ಷೆಗಳಲ್ಲಿ ಹೆಚ್ಚುವರಿ ಸಮಯದಂತಹ ಯಾವ ನೆರವು ಮಗುವಿಗೆ ಬೇಕು ಎಂಬುದನ್ನೂ ಬರೆದುಕೊಡುವಂತೆ ಕೇಳಿಕೊಳ್ಳಿ.