ಸೈಕಲ್ ಪ್ರಶ್ನೋತ್ತರ: ಕ್ಲಬ್ಬಿನ ಪತ್ರಿಕೆಯನ್ನು ಯಾರಾದರೂ ಯಾಕೆ ಓದಬೇಕು?

ಪ್ರಶ್ನೆ: ನಮ್ಮ ಕ್ಲಬ್ಬಿನಲ್ಲಿ 120 ಸದಸ್ಯರು. ಮೂರು ತಿಂಗಳಿಗೊಮ್ಮೆ 24 ಪುಟದ ಪತ್ರಿಕೆ ತರುತ್ತೇವೆ. ತಮ್ಮ ಫೋಟೊ ಬಂದಿದೆಯೇ ಅಂತ ತಿರುವಿಹಾಕಿ ಬದಿಗಿಡುತ್ತಾರೆ. ಎಲ್ಲಿ ಎಡವಿದ್ದೇವೆ? ಒಂದು ಸಂಚಿಕೆ ಜೊತೆಗಿಟ್ಟಿದ್ದೇವೆ.
— ಸಂಪಾದಕ ಮಂಡಳಿ, ಮೈಸೂರಿನ ಒಂದು ಕ್ಲಬ್

ಉತ್ತರ: ನಿಮ್ಮ 24 ಪುಟಗಳಲ್ಲಿ 15 ಪುಟ ಸವಾರಿ ವರದಿಗೇ ಹೋಗಿದೆ. ಬೆಳಿಗ್ಗೆ ಐದಕ್ಕೆ ಸೇರಿದೆವು, ದಾರಿಯಲ್ಲಿ ಇಡ್ಲಿ ವಡೆ ತಿಂದೆವು, ಸುಸ್ತಾದರೂ ಖುಷಿಯಾಯಿತು, ಸಂಘಟಕರಿಗೆ ಧನ್ಯವಾದ. ಊರಿನ ಹೆಸರೊಂದು ಬದಲಾಗುತ್ತದೆ, ಉಳಿದದ್ದು ಹಾಡಿದ್ದೇ ಹಾಡೋ ಕಿಸಬಾಯಿದಾಸ. ಹೋದವರಿಗೆ ಅದೆಲ್ಲ ಗೊತ್ತಿದೆ, ವಾಟ್ಸಾಪಿನಲ್ಲಿ ಫೋಟೊ ಸಮೇತ ನೋಡಿಯಾಗಿದೆ. ಹೋಗದವರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ.

ಹೋಗದವನು ಮುಂದಿನ ಭಾನುವಾರ ಆ ದಾರಿ ಹಿಡಿದರೆ ಕೆಲಸಕ್ಕೆ ಬರುವಂಥದ್ದು ವರದಿಯಲ್ಲಿರಬೇಕು. ಆಗುಂಬೆ ಘಾಟಿಯನ್ನೇ ತೆಗೆದುಕೊಳ್ಳಿ. 'ಕಣ್ಣಿಗೆ ಹಬ್ಬ' ಎಂಬ ವಾಕ್ಯ ಯಾರಿಗೂ ಬೇಡ. ಸೋಮೇಶ್ವರದಿಂದ ಹತ್ತುವಾಗ 14 ಹೇರ್‌ಪಿನ್ ತಿರುವುಗಳಿವೆ, ಎಷ್ಟನೆಯದರಲ್ಲಿ ಸೈಕಲ್ ನಿಲ್ಲಿಸಿ ಉಸಿರು ತೆಗೆದುಕೊಳ್ಳಲು ಜಾಗವಿದೆ, ಯಾವುದರಲ್ಲಿ ಒಳಬದಿ ಥಟ್ಟನೆ ಕಡಿದಾಗುತ್ತದೆ, ಮಳೆಗಾಲದಲ್ಲಿ ಪಾಚಿ ಎಲ್ಲಿ ಕಟ್ಟುತ್ತದೆ, ಎದುರಿನಿಂದ ಬಸ್ ಬಂದರೆ ಎಲ್ಲಿ ಸರಿಯಬೇಕು ಎಂದು ಬರೆಯಿಸಿ. ಮಳೆಯಲ್ಲಿ ಇಳಿಯುವಾಗ ರಿಮ್ ಬ್ರೇಕಿನವರು ತಿರುವಿಗೆ ಬಹಳ ಮೊದಲೇ ಬ್ರೇಕ್ ಹಿಡಿಯಬೇಕು. ಪ್ಯಾಡು ಮೊದಲು ರಿಮ್ಮಿನ ನೀರನ್ನು ಒರೆಸುತ್ತದೆ, ಹಿಡಿತ ಸಿಗುವುದು ಆಮೇಲೆ. ಈ ಒಂದು ಸಾಲಿಗಾಗಿ ಪತ್ರಿಕೆ ಎತ್ತಿಟ್ಟುಕೊಳ್ಳುವವರಿದ್ದಾರೆ.

ಇದೇನೂ ಹೊಸ ಮಾತಲ್ಲ. 1878ರಲ್ಲಿ ಇಂಗ್ಲೆಂಡಿನ ಹ್ಯಾರೊಗೇಟ್‌ನಲ್ಲಿ ಹುಟ್ಟಿದ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಊರೂರಿನಲ್ಲಿ ಪ್ರತಿನಿಧಿಗಳನ್ನು ನೇಮಿಸಿ, ಸದಸ್ಯರು ತಂಗಬಹುದಾದ ವಸತಿಗಳ ಪಟ್ಟಿ ಮಾಡಿ, ಅಪಾಯದ ಇಳಿಜಾರುಗಳಿಗೆ ಎಚ್ಚರಿಕೆ ಫಲಕ ನೆಡಿಸಿತ್ತು. ದಾರಿಯ ಮಾಹಿತಿಗೋಸ್ಕರವೇ ಜನ ಚಂದಾ ಕಟ್ಟುತ್ತಿದ್ದ ಕಾಲ ಅದು. ಕಾಲ ಬದಲಾದರೂ ಆ ಹಸಿವು ಬದಲಾಗಿಲ್ಲ.

ಮುಂದಿನ ಸಂಚಿಕೆಗೆ ಹೀಗೆ ಹಂಚಿ ನೋಡಿ: ದಾರಿಗಳಿಗೆ 8 ಪುಟ, ರಿಪೇರಿಗೆ 5, ಓದುಗರ ಪತ್ರ ಮತ್ತು ತಿದ್ದುಪಡಿಗೆ 2, ಅಪಘಾತದ ಟಿಪ್ಪಣಿಗೆ 1, ಕಾರ್ಯಕ್ರಮ ಪಟ್ಟಿಗೆ 2. ಸವಾರಿ ವರದಿಗೆ 3 ಪುಟ ಸಾಕು, ಒಂದೊಂದೂ 250 ಪದ ಮೀರದಿರಲಿ. ಉಳಿದ ಮೂರರಲ್ಲಿ ಮುಖಪುಟ, ಲೆಕ್ಕಪತ್ರ, ಜಾಹೀರಾತು. ಅಧ್ಯಕ್ಷರ ಸಂದೇಶಕ್ಕೆ ಪುಟವೇ ಇಲ್ಲವಲ್ಲ ಎನ್ನಬೇಡಿ, ಕಾರ್ಯಕ್ರಮ ಪಟ್ಟಿಯ ಮೇಲೆ ಆರು ಸಾಲು ಹಿಡಿಸುತ್ತದೆ.

'ಏನಾದರೂ ಬರೆದುಕೊಡಿ' ಎಂದು ಸದಸ್ಯರನ್ನು ಕೇಳಿದರೆ ಬರುವುದು ಇಡ್ಲಿ ವಡೆಯೇ. ಪ್ರಶ್ನೆ ಕೊಟ್ಟು ಕೇಳಿ: ಕುಡಿಯುವ ನೀರು ಎಷ್ಟನೇ ಕಿಲೋಮೀಟರಿನಲ್ಲಿ ಸಿಕ್ಕಿತು? ಪಂಕ್ಚರ್ ಎಷ್ಟಾಯಿತು, ಯಾವ ಟೈರಿಗೆ? ಇನ್ನೊಮ್ಮೆ ಹೋದರೆ ಏನು ಬದಲಿಸುತ್ತೀರಿ? ಚೆನ್ನಾಗಿ ರಿಪೇರಿ ಮಾಡುವವರು ಸಾಮಾನ್ಯವಾಗಿ ಬರೆಯುವವರಲ್ಲ. ಅವರ ಪಕ್ಕ ಕುಳಿತು, ಕೈ ನಡೆದಂತೆ ಬರೆದುಕೊಳ್ಳುವುದು ಸಂಪಾದಕರ ಕೆಲಸ.

ಪ್ರಶ್ನೆ: ದಾರಿಯ ವಿವರ ಕೊಡುತ್ತೇವೆ, ಆದರೂ 'ನೀವು ಬರೆದದ್ದು ತಪ್ಪು' ಎಂದು ಜಗಳ ಬರುತ್ತದೆ. ಒಬ್ಬರಿಗೆ ಏರು 1,100 ಮೀಟರ್, ಇನ್ನೊಬ್ಬರಿಗೆ 1,350.
— ಶಿವಮೊಗ್ಗ

ಉತ್ತರ: ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಬ್ಯಾರೊಮೀಟರ್ ಇರುವ ಸೈಕಲ್ ಕಂಪ್ಯೂಟರ್ ಗಾಳಿಯ ಒತ್ತಡದಿಂದ ಎತ್ತರ ಅಳೆಯುತ್ತದೆ. ಫೋನಿನ ಆ್ಯಪ್‌ಗಳಲ್ಲಿ ಹಲವು, ನಕ್ಷೆಯ ಎತ್ತರದ ದತ್ತಾಂಶದಿಂದ ಲೆಕ್ಕ ಹಾಕುತ್ತವೆ. ಘಾಟಿಯ ಬದಿ ಕೊರೆದು ಮಾಡಿದ ರಸ್ತೆಯಲ್ಲಿ ಈ ದತ್ತಾಂಶ ಪಕ್ಕದ ಗುಡ್ಡವನ್ನೂ ಪ್ರಪಾತವನ್ನೂ ರಸ್ತೆಗೆ ಸೇರಿಸಿಬಿಡುತ್ತದೆ, ಇಲ್ಲದ ಏರು ಹುಟ್ಟುತ್ತದೆ. ಇತ್ತ ಬ್ಯಾರೊಮೀಟರಿನ ಸಣ್ಣ ರಂಧ್ರಕ್ಕೆ ಮಳೆನೀರೋ ಬೆವರೋ ಸೇರಿದರೆ ಅದೂ ಹಾದಿ ತಪ್ಪುತ್ತದೆ. ಅಂಕಿಯ ಪಕ್ಕದಲ್ಲಿ ಯಾವ ಬಗೆಯ ಉಪಕರಣದಿಂದ ಅಳೆದದ್ದು ಎಂದು ಬರೆದರೆ ಅರ್ಧ ಜಗಳ ಮುಗಿಯುತ್ತದೆ.

ಸರಾಸರಿ ಏರು ಮಾತ್ರ ಕೊಟ್ಟರೆ ಇನ್ನೂ ಮೋಸ. 8 ಕಿ.ಮೀ.ಗೆ ಸರಾಸರಿ ಶೇ 5 ಎಂದರೆ, ಮೊದಲ 4 ಕಿ.ಮೀ. ಸಪಾಟಾಗಿದ್ದು ಕೊನೆಯ 4 ಕಿ.ಮೀ. ಶೇ 10 ಇದ್ದರೂ ಲೆಕ್ಕ ಸರಿಯೇ. ಕಿಲೋಮೀಟರಿಗೊಂದು ಅಂಕಿ ಕೊಡಿ, ಗೇರು ಆರಿಸಿಕೊಳ್ಳಲು ಬೇಕಾಗುವುದು ಅದು.

ತಿಂಗಳನ್ನು ಮರೆಯಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲುಸೀಮೆಯಲ್ಲಿ ಪಡುವಣ ಗಾಳಿ ಜೋರು. ಬೆಂಗಳೂರಿನಿಂದ ಹಾಸನದ ಕಡೆ ಹೊರಟವರಿಗೆ ಅದು ಎದುರುಗಾಳಿ, ಹಿಂದಿರುಗುವಾಗ ಬೆನ್ನಿಗೆ. ಜನವರಿಯಲ್ಲಿ ಬರೆದ 'ಆರು ಗಂಟೆಯ ದಾರಿ' ಜುಲೈನಲ್ಲಿ ಸುಳ್ಳಾಗುತ್ತದೆ.

ನಕ್ಷೆಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸಿ, ಅದರ ಕೊಡುಗೆದಾರರಿಗೆ ಸಲ್ಲಬೇಕಾದ ಸಾಲನ್ನು ನಕ್ಷೆಯ ಕೆಳಗೇ ಅಚ್ಚುಹಾಕಿ. ದಾರಿಯನ್ನು ಫೋನಿಗೆ ಹಾಕಿಕೊಳ್ಳುವ ಜಿಪಿಎಕ್ಸ್ ಕಡತಕ್ಕೆ ಕ್ಯೂಆರ್ ಕೋಡ್ ಕೊಡುವುದಾದರೆ 2 ಸೆಂ.ಮೀ.ಗಿಂತ ಚಿಕ್ಕದು ಬೇಡ, ಸುತ್ತ ಬಿಳಿ ಅಂಚು ಇರಲಿ, ಅಚ್ಚಿನ ಕರಡುಪ್ರತಿಯ ಮೇಲೆ ಎರಡು ಫೋನಿನಲ್ಲಿ ಪರೀಕ್ಷಿಸಿ. ಆದರೂ ತಿರುವುಗಳ ಪಟ್ಟಿ ಕಾಗದದ ಮೇಲೆ ಇರಲೇಬೇಕು. ಮಲೆನಾಡಿನಲ್ಲಿ ಸಿಗ್ನಲ್ ನಂಬಿ ಕೆಟ್ಟವರು ಬಹಳ.

ಪ್ರಶ್ನೆ: ಬಿಆರ್‌ಎಂ (ನಿಗದಿತ ಅವಧಿಯೊಳಗೆ ಮುಗಿಸಬೇಕಾದ ದೂರದ ಸವಾರಿ, ಬ್ರೆವೆ ಎಂದೂ ಕರೆಯುತ್ತಾರೆ) ಫಲಿತಾಂಶದಲ್ಲಿ ಮೊದಲ ಮೂವರ ಫೋಟೊ ಹಾಕಿದ್ದಕ್ಕೆ ಹಿರಿಯ ಸದಸ್ಯರೊಬ್ಬರು ಸಿಟ್ಟಾದರು. ತಪ್ಪೇನು?
— ಹುಬ್ಬಳ್ಳಿ

ಉತ್ತರ: ಸಿಟ್ಟಿಗೆ ಕಾರಣವಿದೆ. ಬ್ರೆವೆ ಪಂದ್ಯವಲ್ಲ. ಅವಧಿಯೊಳಗೆ ಮುಗಿಸಿದವರೆಲ್ಲ ಸಮಾನರು, ಸ್ಥಾನಗಳೇ ಇಲ್ಲ. ಹೆಸರುಗಳನ್ನು ಅಕಾರಾದಿಯಾಗಿ ಹಾಕಿ. ಸಂಚಿಕೆಯಲ್ಲಿ ಇನ್ನೊಂದು ತಪ್ಪೂ ನುಸುಳಿದೆ: 200 ಕಿ.ಮೀ.ಗೆ 13 ಗಂಟೆ 20 ನಿಮಿಷ ಎಂದಿದ್ದೀರಿ. ಗಂಟೆಗೆ 15 ಕಿ.ಮೀ.ನಂತೆ ಭಾಗಿಸಿದರೆ ಹಾಗೇ ಬರುತ್ತದೆ, ಆದರೆ ನಿಯಮದ ಅವಧಿ 13 ಗಂಟೆ 30 ನಿಮಿಷ. 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40, 1,000ಕ್ಕೆ 75. ನಿಮ್ಮ ಪತ್ರಿಕೆ ನಂಬಿ ಹತ್ತು ನಿಮಿಷ ಇರುವಾಗಲೇ ಒಬ್ಬ ಕೈಚೆಲ್ಲಿ ಕುಳಿತರೆ? ಮುಂದಿನ ಸಂಚಿಕೆಯಲ್ಲಿ ತಿದ್ದಿ.

ಪ್ರಶ್ನೆ: 'ಪ್ರತಿ 3,000 ಕಿ.ಮೀ.ಗೆ ಚೈನ್ ಬದಲಿಸಿ' ಎಂದು ನಮ್ಮ ರಿಪೇರಿ ಅಂಕಣದಲ್ಲಿ ಬಂತು. ಒಬ್ಬರು 1,800ಕ್ಕೇ ಸವೆದಿದೆ ಎನ್ನುತ್ತಾರೆ, ಇನ್ನೊಬ್ಬರದು 5,000 ದಾಟಿದೆ.
— ಮಂಗಳೂರು

ಉತ್ತರ: ಕಿಲೋಮೀಟರ್ ಹೇಳುವ ಅಂಕಣ ಓದುಗನ ಕೈಗೆ ಅಳತೆಗೋಲು ಕೊಡುತ್ತಿಲ್ಲ. ಚೈನು 'ಉದ್ದವಾಗುವುದು' ಲೋಹ ಹಿಗ್ಗಿ ಅಲ್ಲ, ಪ್ರತಿ ಪಿನ್ ಮತ್ತು ಅದು ತಿರುಗುವ ಜಾಗ ಸವೆದು. ಕರಾವಳಿಯ ಮಳೆ, ಕೆಂಪು ಮಣ್ಣು, ಒರೆಸದೆ ಮೇಲೆ ಮೇಲೆ ಬಿಟ್ಟ ಎಣ್ಣೆ ಸೇರಿದರೆ ಅದೇ ಸಾಣೆ ಹಿಡಿಯುವ ಗಂಜಿ.

ಅಂಕಣದಲ್ಲಿ ಹೀಗೆ ಬರಬೇಕಿತ್ತು: ಸ್ಟೀಲ್ ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿಯಿರಿ. ಅದನ್ನು ಬಿಟ್ಟು ಎಣಿಸಿ 24ನೇ ಪಿನ್ನಿನ ನಡು ನೋಡಿ. ಹೊಸ ಚೈನಿನಲ್ಲಿ ಅದು ಸರಿಯಾಗಿ 12 ಇಂಚು, ಅಂದರೆ 304.8 ಮಿ.ಮೀ. ಸುಮಾರು 306.3 ಬಂದರೆ ಶೇ 0.5 ಸವೆತ, 11 ಮತ್ತು 12 ಸ್ಪೀಡಿನವರು (ಹಿಂಚಕ್ರದಲ್ಲಿ ಅಷ್ಟು ಹಲ್ಲುಚಕ್ರ ಇರುವವರು) ಬದಲಿಸಬೇಕು. 307.1 ಬಂದರೆ ಶೇ 0.75, ಇದು 8ರಿಂದ 10 ಸ್ಪೀಡಿನವರ ಮಿತಿ. ಅದೂ ಮೀರಿದರೆ ಕ್ಯಾಸೆಟ್ಟಿನ, ಅಂದರೆ ಆ ಹಲ್ಲುಚಕ್ರಗಳ ಗೊಂಚಲಿನ, ಹಲ್ಲೂ ಸವೆದಿರುತ್ತದೆ, ಹೊಸ ಚೈನ್ ಹಾಕಿದರೆ ಒತ್ತಿ ತುಳಿದಾಗ ಜಾರುತ್ತದೆ.

ಅಂಕಿಗಳ ಕರಡನ್ನು ಬರೆದವರಲ್ಲದೆ ಇನ್ನೊಬ್ಬರು ತಿದ್ದಲಿ. ಹ್ಯಾಂಡಲ್ ಹಿಡಿದಿಡುವ ಸ್ಟೆಮ್ ಬೋಲ್ಟಿಗೆ 5 ನ್ಯೂಟನ್ ಮೀಟರ್ ಎನ್ನುವುದು ಅಚ್ಚಿನಲ್ಲಿ 50 ಆದರೆ ಬೋಲ್ಟ್ ಮುರಿಯುತ್ತದೆ. ಎಡ ಪೆಡಲಿನ ಥ್ರೆಡ್ ತಿರುಗುಮುರುಗು ಎಂಬ ಸಾಲನ್ನು ಪುಟ ಸಾಲದೆಂದು ಕತ್ತರಿಸಿದರೆ ಯಾರದೋ ಕ್ರ್ಯಾಂಕ್ ಹಾಳು.

ಪ್ರಶ್ನೆ: ಅಪಘಾತದ ಬಗ್ಗೆ ಬರೆಯಬಹುದೇ? ಬಿದ್ದವರಿಗೆ ಬೇಸರ ಆಗುವುದಿಲ್ಲವೇ?
— ಉಡುಪಿ

ಉತ್ತರ: ಬರೆಯಿರಿ. ಹೆಸರು ಬೇಡ, ತೀರ್ಪು ಬೇಡ, ಅಚ್ಚಿಗೆ ಮುನ್ನ ಬಿದ್ದವರಿಗೆ ಓದಲು ಕೊಡಿ. ಪೊಲೀಸ್ ದೂರು ಅಥವಾ ವಿಮೆಯ ವಿಷಯ ಬಾಕಿ ಇದ್ದರೆ ಮುಗಿಯುವವರೆಗೆ ತಡೆಯಿರಿ. ಸಮಯ, ಬೆಳಕು, ರಸ್ತೆ ಒದ್ದೆಯೋ ಒಣಗಿತ್ತೋ, ಟೈರಿನ ಅಗಲ, ಗುಂಪಿನಲ್ಲಿ ಎಷ್ಟನೆಯವರು, ಇಷ್ಟು ಸಾಕು. ಗುಂಪಿನಲ್ಲಿ ಬೀಳುವುದಕ್ಕೆ ಪದೇ ಪದೇ ಸಿಗುವ ಕಾರಣ, ಮುಂದಿನವರ ಹಿಂಚಕ್ರದ ಪಕ್ಕಕ್ಕೆ ನಮ್ಮ ಮುಂಚಕ್ರ ನುಗ್ಗಿಸುವುದು. ಅವರು ಹೊಂಡ ತಪ್ಪಿಸಲು ಒಂದು ಗೇಣು ಸರಿದರೂ ಬೀಳುವುದು ಹಿಂದಿನವರೇ. ಒದ್ದೆ ರೈಲು ಹಳಿಯನ್ನು ಓರೆಯಾಗಿ ದಾಟುವುದು ಇನ್ನೊಂದು. ತಲೆಗೆ ಪೆಟ್ಟು ತಡೆದ ಹೆಲ್ಮೆಟ್ಟಿನ ಒಳಗಿನ ಫೋಮ್ ಒಮ್ಮೆ ಕುಗ್ಗಿದರೆ ಮತ್ತೆ ಉಬ್ಬದು, ಹೊರಗೆ ಬಿರುಕು ಕಾಣದಿದ್ದರೂ ಬದಲಿಸಬೇಕು.

ಪ್ರಶ್ನೆ: ಅಚ್ಚಿಗೆ ಕೊಟ್ಟಾಗ 26 ಪುಟ ಆಗದು ಎಂದರು, ಫೋಟೊ ಮಸುಕು, ಒತ್ತಕ್ಷರ ಕೆಟ್ಟಿದೆ.
— ತುಮಕೂರು

ಉತ್ತರ: ನಡುವೆ ಮಡಿಚಿ ಪಿನ್ ಹೊಡೆಯುವ ಪುಸ್ತಿಕೆಯಲ್ಲಿ ಪುಟಗಳು ನಾಲ್ಕರ ಗುಣಕದಲ್ಲೇ ಬರಬೇಕು: 24 ಅಥವಾ 28. ಎ5 ಪುಟ ತುಂಬುವ ಫೋಟೊಗೆ ಇಂಚಿಗೆ 300 ಚುಕ್ಕಿಯಂತೆ ಸುಮಾರು 1,750 × 2,480 ಪಿಕ್ಸೆಲ್ ಬೇಕು, ಅಂಚಿನವರೆಗೆ ಹೋಗುವುದಾದರೆ ಸುತ್ತ 3 ಮಿ.ಮೀ. ಹೆಚ್ಚು. ವಾಟ್ಸಾಪಿನಲ್ಲಿ ಫೋಟೊ ಆಗಿ ಬಂದದ್ದು ಕುಗ್ಗಿರುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಅಕ್ಷರ ಕೆಡುವುದು ಹಳೆಯ 'ನುಡಿ' ಅಥವಾ 'ಬರಹ' ಫಾಂಟಿನ ಪಠ್ಯವನ್ನು ಯೂನಿಕೋಡಿಗೆ ತಿರುಗಿಸುವಾಗ. ಮೊದಲು ಅರ್ಕಾವತ್ತು ನೋಡಿ, ಅದು ಪಕ್ಕದ ಅಕ್ಷರಕ್ಕೆ ಹಾರಿರುತ್ತದೆ. ಆಮೇಲೆ 'ಸೈಕಲ್‌ನಲ್ಲಿ' ಎಂಬಂಥ ಪದಗಳು: ನಡುವಿನ ಕಾಣದ ತಡೆ ಕಳೆದುಹೋದರೆ 'ಸೈಕಲ್ನಲ್ಲಿ' ಆಗುತ್ತದೆ. ಸಾಲುಗಳ ಅಂತರವನ್ನು ಇಂಗ್ಲಿಷಿನ ಅಂದಾಜಿನಲ್ಲಿ ಇಡಬೇಡಿ. 11 ಪಾಯಿಂಟ್ ಅಕ್ಷರಕ್ಕೆ 16 ಪಾಯಿಂಟ್ ಕೊಡಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಪ್ರಶ್ನೆ: ಗೇರು ಬದಲಿಸುವಾಗ ಚೈನನ್ನು ಸರಿಸುವ ಡಿರೇಲರಿಗೆ ಕನ್ನಡ ಪದ ಯಾವುದು?
— ಧಾರವಾಡ

ಉತ್ತರ: ಡಿರೇಲರ್. ಅಂಗಡಿಗೆ ಹೋಗಿ ಕೇಳಬೇಕಾದ ಹೆಸರನ್ನೇ ಬರೆಯಿರಿ. ಆದರೆ 'ಆಸ್ವಾದಿಸಲಾಯಿತು', 'ಪಾಲ್ಗೊಳ್ಳಲಾಯಿತು' ಎನ್ನುವ ಕನ್ನಡಕ್ಕೆ ಮಾತ್ರ ಕೆಂಪು ಶಾಯಿ ಸಿದ್ಧವಿರಲಿ.