ನಾಲ್ಕು ಪುಟದಲ್ಲಿ ಎಲ್ಲೂ ಇಲ್ಲದ ಹೆಸರು

(ತುಮಕೂರಿನ ಓದುಗರೊಬ್ಬರ ಪತ್ರದ ಸಾರ: "ನಮ್ಮವರು ತೀರಿಹೋಗಿ, ಬರುವ ಕಾರ್ತಿಕಕ್ಕೆ ಒಂದು ವರ್ಷ. ಮಗ ಪೇಪರಿನಲ್ಲಿ ಪುಣ್ಯಸ್ಮರಣೆ ಹಾಕಿಸುತ್ತಾನಂತೆ. ನನಗೆ ನಿಮ್ಮ ಪತ್ರಿಕೆಯಲ್ಲಿ ಅವರ ಬಗ್ಗೆ ನಾನೇ ಬರೆದದ್ದು ಬರಬೇಕು ಅಂತ ಆಸೆ. ಬರೆದು ಅಭ್ಯಾಸ ಇಲ್ಲ. ತಿದ್ದಿ ಹಾಕಿಕೊಳ್ಳುತ್ತೀರಾ? ಮಗಳ ಮದುವೆ ಸಮಯದಲ್ಲಿ ನಡೆದದ್ದನ್ನು ಬರೆಯಬೇಕೋ ಬಿಡಬೇಕೋ ತಿಳಿಯುತ್ತಿಲ್ಲ. ಅವರ ಎಚ್‌ಎಂಟಿ ಜನತಾ ವಾಚು ನಿಂತಿದೆ. ಹಾಗೇ ಇಡಬೇಕೋ, ಓಡಿಸಬೇಕೋ, ಅದನ್ನೂ ತಿಳಿಸಿ.")

ಅಮ್ಮಾ, ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರದಲ್ಲಿ 'ನಮ್ಮವರು' ಅನ್ನುವ ಮಾತು 26 ಸಲ ಬಂದಿದೆ. 'ಇವರು' 11 ಸಲ. 'ಯಜಮಾನರು' ಎರಡೇ ಸಲ, ಅದೂ ಬ್ಯಾಂಕಿನ ವಿಷಯ ಬಂದಾಗ. ಸಂಪಾದಕನಿಗೆ ಬೇರೆ ಕೆಲಸ ಇಲ್ವಾ ಅಂದುಕೊಳ್ಳಬೇಡಿ. ಅವರ ಹೆಸರೇನು ಅಂತ ಹುಡುಕುತ್ತಾ ಹೋದವನು ಎಣಿಸುತ್ತಾ ಕೂತೆ. ಹೆಸರು ಎಲ್ಲೂ ಸಿಗಲಿಲ್ಲ. ಕೊನೆಗೆ ಲಕೋಟೆ ತಿರುಗಿಸಿ ನೋಡಿದೆ. ಅಲ್ಲಿ, ನಿಮ್ಮ ವಿಳಾಸದಲ್ಲಿ, ನಿಮ್ಮ ಹೆಸರಿನ ಮುಂದೆ 'ಕೋಂ ಲೇಟ್' ಅಂತ ಬರೆದು ಸಣ್ಣ ಅಕ್ಷರದಲ್ಲಿ ಅವರ ಹೆಸರು ಇತ್ತು. ಪಹಣಿಯಲ್ಲಿ, ರಿಜಿಸ್ಟರ್ ಕಾಗದದಲ್ಲಿ ಗಂಡನ ಹೆಸರಿಗೆ ಮೊದಲು ಬರುತ್ತದಲ್ಲ, ಅದೇ 'ಕೋಂ'. ಸರ್ಕಾರಕ್ಕೆ ಬರೆದು ಬರೆದು ಕೈಗೆ ರೂಢಿಯಾದದ್ದು ಅಂತ ಕಾಣುತ್ತದೆ.

ನನಗೆ ಇದು ಹೊಸದೇನೂ ಅಲ್ಲ. ನಮ್ಮಮ್ಮ ಅಪ್ಪನ ಹೆಸರು ಹೇಳಿದ್ದನ್ನು ನಾನು ಕೇಳಿಲ್ಲ. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರೇನು ಅಂದರೆ ನನ್ನ ಭುಜ ತಿವಿದು "ನೀನು ಹೇಳೋ" ಅನ್ನುತ್ತಿದ್ದರು. ಮನೆಯಲ್ಲಿ "ರೀ" ಅಂದರೆ ಅಪ್ಪ ಮಾತ್ರ ತಿರುಗಬೇಕು, ಪಕ್ಕದ ಮನೆಯವರು ತಿರುಗಬಾರದು. ಆ ಒಂದಕ್ಷರದಲ್ಲೇ ಏನೋ ವ್ಯವಸ್ಥೆ ಇತ್ತು. ಉತ್ತರ ಕರ್ನಾಟಕದಲ್ಲಿ ಹೊಸ ಸೊಸೆಯನ್ನು ಹೊಸ್ತಿಲಲ್ಲೇ ತಡೆಯುತ್ತಾರೆ. ಗಂಡನ ಹೆಸರು ಸೇರಿಸಿ ಒಡಪು ಹೇಳಿದರೇ ಒಳಗೆ ಬಿಡೋದು. ಆಮೇಲೆ ಜೀವಮಾನವಿಡೀ ಹೇಳಬಾರದ ಹೆಸರನ್ನು ಪ್ರಾಸದ ಮರೆಯಲ್ಲಿ ಒಂದು ಸಲ ಹೇಳಿಸಿಬಿಡುವ ಉಪಾಯ.

ಎಲ್ಲರ ಮನೆಯಲ್ಲೂ ಹೀಗೇ ಅಂತಲ್ಲ. ಕುವೆಂಪು ಅವರನ್ನು ಮಕ್ಕಳು 'ಅಣ್ಣ' ಅನ್ನುತ್ತಿದ್ದರು. ಮಗ ತೇಜಸ್ವಿ ತಂದೆಯ ಬಗ್ಗೆ ಬರೆದ ಪುಸ್ತಕ 'ಅಣ್ಣನ ನೆನಪು'. ತೇಜಸ್ವಿ 2007ರಲ್ಲಿ ತೀರಿಕೊಂಡ ಮೇಲೆ ಅವರ ಪತ್ನಿ ರಾಜೇಶ್ವರಿ ಬರೆದದ್ದು 'ನನ್ನ ತೇಜಸ್ವಿ'. ಒಂದೇ ಮನೆಯ ಎರಡು ಪುಸ್ತಕ. ಮಗ ಸಂಬಂಧ ಹಿಡಿದು ಕರೆದರು, ಹೆಂಡತಿ ಹೆಸರು ಹಿಡಿದು ಕರೆದರು. ನಿಮ್ಮ ಬಾಯಿಗೆ 'ನಮ್ಮವರು' ಬಂದರೆ ಅದೇ ಇರಲಿ. 26 ಇದ್ದದ್ದು 30 ಆದರೂ ನಾನು ಮುಟ್ಟುವುದಿಲ್ಲ.

ನಾನು ಮುಟ್ಟುವುದು ಮೊದಲ ಪುಟವನ್ನು. ಅಕ್ಷರ ನಿಮ್ಮದೇ. ಮಾತು ಮಾತ್ರ ನಿಮ್ಮ ಮಗ ಹೇಳಿ ಬರೆಸಿದ್ದಿರಬೇಕು ಅಂತ ನನ್ನ ಅನುಮಾನ. 'ಸರಳ ಸಜ್ಜನಿಕೆಯ ಮೂರ್ತಿ, ಸ್ನೇಹಜೀವಿ, ಅಜಾತಶತ್ರು.' ಪೇಪರಿನ ಪುಣ್ಯಸ್ಮರಣೆ ಪುಟ ತೆಗೆದು ನೋಡಿ. ಸಾಲಾಗಿ ಪಾಸ್‌ಪೋರ್ಟ್ ಅಳತೆಯ ಫೋಟೋಗಳು, ಕೆಳಗೆ 'ದುಃಖತಪ್ತ ಕುಟುಂಬ ವರ್ಗ'. ಫೋಟೋಗಳನ್ನು ಅದಲುಬದಲು ಮಾಡಿದರೂ ಕೆಳಗಿನ ಮಾತು ಹೊಂದಿಕೊಳ್ಳುತ್ತದೆ. ಮಗ ಹಾಕಿಸಲಿ, ಬೇಡ ಅನ್ನಬೇಡಿ. ನೆಂಟರಿಗೆ ತಿಥಿಯ ದಿನ, ಊಟದ ಜಾಗ ತಿಳಿಯಬೇಕಲ್ಲ. ಅದು ಆ ಕೆಲಸಕ್ಕೆ ಇರುವಂಥದ್ದು. ನಿಮ್ಮ ಕೆಲಸ ಬೇರೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಅಪ್ಪ ಹೋದ ವರ್ಷ ಇದೇ ಪತ್ರಿಕೆಯಲ್ಲಿ ಎರಡು ಪುಟ ಬರೆದೆ. ಶಿಸ್ತು, ಪ್ರಾಮಾಣಿಕತೆ, ತ್ಯಾಗ, ಯಾವುದೂ ಬಿಡಲಿಲ್ಲ. ತುಂಬಾ ಜನ ಕಣ್ಣೀರು ಬಂತು ಅಂತ ಬರೆದರು. ಅಮ್ಮ ಕನ್ನಡಕ ಹಾಕಿಕೊಂಡು ನಿಧಾನವಾಗಿ ಪೂರ್ತಿ ಓದಿದರು. ಆಮೇಲೆ ಕೇಳಿದರು, "ಚೆನ್ನಾಗಿದೆ. ಯಾರ ಬಗ್ಗೆ?"

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಇಲ್ಲ. "ಸಾರಿಗೆ ಉಪ್ಪು ಜಾಸ್ತಿ ಆದ್ರೆ ಅವರು ಒಂದು ಮಾತೂ ಅಂತಿರಲಿಲ್ಲ. ಮಜ್ಜಿಗೆ ಬೇಗ ಕೇಳೋರು, ಅಷ್ಟೇ. ಮಜ್ಜಿಗೆ ಕೇಳಿದ್ರೆ ನಂಗೆ ಗೊತ್ತಾಗೋದು. ಅದನ್ನ ಯಾಕೆ ಬರೀಲಿಲ್ಲ?" ನನಗೆ ಅದು ಗೊತ್ತೇ ಇರಲಿಲ್ಲಮ್ಮ. ನಲವತ್ತು ವರ್ಷ ಅದೇ ಸಾಲಿನಲ್ಲಿ ಕೂತು ಉಂಡವನು ನಾನು.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನಲ್ಲಿ ಆತಕೂರು ಅಂತ ಊರಿದೆ. ಅಲ್ಲಿ ಸಿಕ್ಕಿದ ಒಂದು ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿದೆ. ಕ್ರಿ.ಶ. 949-50ರ ಶಾಸನ. ಚೋಳರ ಮೇಲಿನ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿಸಿದ ಮಣಲೇರ ಅನ್ನುವ ವೀರನಿಗೆ ದೊರೆ ಏನು ಬೇಕೋ ಕೇಳು ಅನ್ನುತ್ತಾನೆ. ಅವನು ಕೇಳಿದ್ದು ಕಾಳಿ ಅನ್ನುವ ನಾಯಿಯನ್ನು. ಆ ನಾಯಿ ಒಂದು ಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ನಾಯಿ, ಹಂದಿ ಸೆಣಸುವ ಚಿತ್ರವನ್ನೂ ಕೆತ್ತಿಸಿದರು. ಅದೇ ಕಲ್ಲಿನಲ್ಲಿ ರಾಜರ ಬಿರುದುಗಳೂ ಬೇಕಾದಷ್ಟಿವೆ. ಓದಿದವರಿಗೆ ನೆನಪಿರೋದು ಮಾತ್ರ ಕಾಳಿ. ಅದು ಏನು ಮಾಡಿತು ಅಂತ ಬರೆದಿದ್ದಾರಲ್ಲ, ಅದಕ್ಕೆ. ನಿಮ್ಮವರ ವಿಷಯದಲ್ಲಿ ನಾಯಿ ಕಥೆ ತಂದೆ ಅಂತ ಬೇಸರ ಮಾಡಿಕೊಳ್ಳಬೇಡಿ. ನನಗೆ ಆ ನಾಯಿಯ ಮೇಲೆ ಬಹಳ ಗೌರವ.

ಈಗ ನಿಮ್ಮ ಪತ್ರದ ಮೂರನೇ ಪುಟಕ್ಕೆ ಬರೋಣ. ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದೀರಿ: "ನಮ್ಮಪ್ಪ ಮದುವೇಲಿ ಅಳಿಯಂಗೆ ಎಚ್‌ಎಂಟಿ ವಾಚೇ ಕೊಟ್ಟರು. ಇವರು ಅದನ್ನ ಹಿಂದೆ ತಿರುಗಿಸಿ ನೋಡಿ, ನನ್ನ ಕಡೆ ನೋಡಿ ನಕ್ಕರು. ಅದೇ ಮೊದಲು ನಾನು ಅವರ ಮುಖ ಸರಿಯಾಗಿ ನೋಡಿದ್ದು."

ಎಚ್‌ಎಂಟಿಯಲ್ಲೇ ಕೆಲಸ ಮಾಡುವ ಹುಡುಗನಿಗೆ ಎಚ್‌ಎಂಟಿ ವಾಚು! ಲೇಖನ ಇಲ್ಲಿಂದಲೇ ಶುರುವಾಗಬೇಕು. ಅದಕ್ಕೆ ಹಿಂದೆ ಒಂದು ಸಾಲೂ ಬೇಡ.

ಕಾರ್ಖಾನೆಯ ಚರಿತ್ರೆಗೆ ನೀವು ಒಂದು ಪುಟ ಕೊಟ್ಟಿದ್ದೀರಿ. ಅಷ್ಟು ಬೇಕಿಲ್ಲ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ಕೈಗಡಿಯಾರ ಶುರುವಾದದ್ದು 1961ರಲ್ಲಿ, ತುಮಕೂರಿಗೆ ಬಂದದ್ದು 1978ರಲ್ಲಿ, ವಾಚಿನ ವಿಭಾಗವನ್ನೇ ಮುಚ್ಚುವ ತೀರ್ಮಾನ ಆದದ್ದು 2016ರಲ್ಲಿ. ಇಷ್ಟನ್ನು ನಾನೇ ಕೆಳಗೆ ಸಣ್ಣ ಚೌಕದಲ್ಲಿ ಹಾಕಿಕೊಳ್ಳುತ್ತೇನೆ. ಮದುವೆಗೆ, ನಿವೃತ್ತಿಗೆ, ಪರೀಕ್ಷೆ ಪಾಸಾದದ್ದಕ್ಕೆ ಅದೇ ವಾಚು ಕೊಡುತ್ತಿದ್ದ ಕಾಲ ಅದು. ನಮ್ಮ ಓದುಗರಲ್ಲಿ ಅರ್ಧ ಜನರ ಮನೆಯ ಡ್ರಾಯರಿನಲ್ಲಿ ಈಗಲೂ ಒಂದು ಬಿದ್ದಿರುತ್ತದೆ. ಅವರಿಗೆ ನೀವು ಹೆಚ್ಚು ವಿವರಿಸಬೇಕಿಲ್ಲ.

ವಿವರಿಸಬೇಕಾದ್ದು 17 ಮಾಣಿಕ್ಯದ ವಿಷಯ. ಜನತಾ ವಾಚಿನ ಮೇಲೆ '17 ಜ್ಯುವೆಲ್ಸ್' ಅಂತ ಇರುತ್ತದೆ. ಒಳಗಿನ ಸಣ್ಣ ಚಕ್ರಗಳ ಅಚ್ಚಿನ ತುದಿ ಸವೆಯದಿರಲಿ ಅಂತ ಕೂರಿಸುವ ಕೃತಕ ಮಾಣಿಕ್ಯದ ಹರಳು ಅವು. ಬೆಲೆ ಏನೂ ಇಲ್ಲ. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಇವರು "ನನ್ನ ಕೈಲಿ 17 ಮಾಣಿಕ್ಯ ಇದೆ" ಅಂದರಂತೆ. ಅವಳು ಸ್ಕೂಲಿನಲ್ಲೆಲ್ಲ ನಾವು ಶ್ರೀಮಂತರು ಅಂತ ಹೇಳಿಕೊಂಡು ಬಂದಳಂತೆ. ಮೇಷ್ಟ್ರು ಕರೆದು ಕೇಳಿದಾಗ ಇವರು ಹೋಗಿ, ವಾಚು ಬಿಚ್ಚಿ, ಒಂದೊಂದಾಗಿ ತೋರಿಸಿ, "ಅವಳು ಸುಳ್ಳು ಹೇಳಿಲ್ಲ ಸಾರ್" ಅಂದರಂತೆ. ಇದನ್ನು ನೀವು ಎರಡೇ ಸಾಲಿನಲ್ಲಿ ಮುಗಿಸಿದ್ದೀರಿ. ದಯವಿಟ್ಟು ಮುಗಿಸಬೇಡಿ. ಮೇಷ್ಟ್ರು ಏನಂದರು? ನೀವು ಜೊತೆಗೆ ಹೋಗಿದ್ದಿರಾ? ವಾಪಸ್ ಬರುವಾಗ ಮಗಳು ಅವರ ಸೈಕಲ್ಲಿನ ಮುಂದೆ ಕೂತಿದ್ದಳೋ ಹಿಂದೆ ಕೂತಿದ್ದಳೋ?

ಚಿಮಟದ ವಿಷಯವೂ ಅಷ್ಟೇ. ಕಾಲಿಗೆ ಮುಳ್ಳು ಚುಚ್ಚಿಕೊಂಡ ಬೀದಿ ಮಕ್ಕಳೆಲ್ಲ ನಿಮ್ಮ ಮನೆ ಜಗಲಿಗೇ ಬರುತ್ತಿದ್ದರು, ಇವರು ಕಣ್ಣಿಗೆ ಐಗ್ಲಾಸ್ ಸಿಕ್ಕಿಸಿಕೊಂಡು ವಾಚಿನ ಚಿಮಟದಲ್ಲಿ ಮುಳ್ಳು ತೆಗೆಯುತ್ತಿದ್ದರು ಅಂತ ಬರೆದಿದ್ದೀರಿ. 'ಪರೋಪಕಾರಿ' ಅಂತ ಮೊದಲ ಪುಟದಲ್ಲಿ ಹಾಕಿದ್ದೀರಲ್ಲ, ಅದನ್ನು ಹೊಡೆದುಹಾಕಿದ್ದೇನೆ. ಮುಳ್ಳು ತೆಗೆಯುವಾಗ ಆ ಮಕ್ಕಳಿಗೆ ಏನು ಮಾತಾಡಿ ಗಮನ ಬೇರೆ ಕಡೆ ಸೆಳೆಯುತ್ತಿದ್ದರು, ಅದು ನೆನಪಿದ್ದರೆ ಬರೆಯಿರಿ.

ಇನ್ನು ಮಗಳ ಮದುವೆ. ಅವಳೇ ನೋಡಿಕೊಂಡ ಹುಡುಗನನ್ನು ಮದುವೆಯಾದಳು, ಅಪ್ಪ ಎರಡು ವರ್ಷ ಮಾತು ಬಿಟ್ಟರು. ಮಗ ಇದನ್ನು ಬಿಡು ಅನ್ನುತ್ತಾನೆ, ಸತ್ತವರ ಬಗ್ಗೆ ಯಾಕೆ ಅನ್ನುತ್ತಾನೆ. ನಿಮಗೆ ಬರೆಯಬೇಕು ಅನ್ನಿಸುತ್ತದೆ. ನನ್ನ ಅಭಿಪ್ರಾಯ ಕೇಳಿದ್ದೀರಿ. ಆ ಎರಡು ವರ್ಷ ಮಗನದ್ದೂ ಅಲ್ಲ, ನನ್ನದೂ ಅಲ್ಲ. ಪೂರ್ತಿ ನಿಮ್ಮದೂ ಅಲ್ಲ. ಮಗಳದ್ದು. ಅವಳಿಗೆ ಫೋನ್ ಮಾಡಿ ಕೇಳಿ. ಬೇಡ ಅಂದರೆ ಬಿಟ್ಟುಬಿಡಿ, ಒಂದು ಸುಳಿವೂ ಬೇಡ. ಸರಿ ಅಂದರೆ ಮುಚ್ಚಿಡದೆ ಬರೆಯಿರಿ. 'ಸ್ವಲ್ಪ ಭಿನ್ನಾಭಿಪ್ರಾಯ ಇತ್ತು' ಅನ್ನುವ ನಾಜೂಕು ಬೇಡ. ಹಬ್ಬಕ್ಕೆ ಅವಳು ಫೋನ್ ಮಾಡಿದಾಗ ಇವರು ಎದ್ದು ಹಿತ್ತಲಿಗೆ ಹೋಗುತ್ತಿದ್ದರು, ಆದರೆ ಬಾಗಿಲು ಹಾಕಿಕೊಳ್ಳುತ್ತಿರಲಿಲ್ಲ ಅಂತ ನೀವೇ ಬರೆದಿದ್ದೀರಿ. ಆ ತೆರೆದ ಬಾಗಿಲು ಇಲ್ಲದಿದ್ದರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ.

ಮುಂದಿನದು ಅಂದರೆ, ಒಂದು ಭಾನುವಾರ ಯಾರಿಗೂ ಹೇಳದೆ ಬಸ್ ಹತ್ತಿ ಮಗಳ ಮನೆಗೆ ಹೋದದ್ದು. "ನಿಮ್ಮನೆ ಗೋಡೆ ಗಡಿಯಾರ ನಿಂತಿದೆ ಅಂತ ನಿಮ್ಮಮ್ಮ ಹೇಳ್ತಿದ್ಲು" ಅಂದದ್ದು. ನೀವು ಹಾಗೆ ಹೇಳಿರಲೇ ಇಲ್ಲ! ಸ್ಟೂಲ್ ಹತ್ತಿ, ಗಡಿಯಾರ ಇಳಿಸಿ, ಓಡುತ್ತಿದ್ದ ಗಡಿಯಾರದ ಸೆಲ್ ತೆಗೆದು ಜೇಬಿನಿಂದ ಹೊಸ ಸೆಲ್ ಹಾಕಿ, ಅಳಿಯ ಕೊಟ್ಟ ಕಾಫಿ ಕುಡಿದು ಸಂಜೆ ಬಸ್ಸಿಗೆ ವಾಪಸ್ ಬಂದದ್ದು. ಕ್ಷಮಿಸು ಅನ್ನುವ ಮಾತು ಅವರ ಬಾಯಲ್ಲಿ ಬಂದಿದೆಯಾ ಅಂತ ನೀವು ಹೇಳಿಲ್ಲ. ಹೇಳಬೇಡಿ.

ವಾಚಿನ ಪ್ರಶ್ನೆ. ಮಗ ಅದನ್ನು ಗಾಜಿನ ಚೌಕಟ್ಟಿನಲ್ಲಿ ಹಾಕಿಸುತ್ತಾನಂತೆ, ಅವರು ಹೋದ ಹೊತ್ತಿಗೇ ಮುಳ್ಳು ನಿಲ್ಲಿಸಿ. ನಿಂತ ಗಡಿಯಾರ ಕಂಡರೆ ಸಾವನ್ನು ನೆನೆಯುವ ಆಸೆ ಎಲ್ಲರಿಗೂ ಬರುತ್ತದೆ, ಬರೆಯುವವರಿಗಂತೂ ಜಾಸ್ತಿ. ನೀವು ಆ ಆಸೆಗೆ ಬೀಳಬೇಡಿ. ಅದು ಕೀ ಕೊಡುವ ವಾಚು. ಒಂದು ಸಲ ಪೂರ್ತಿ ಕೀ ಕೊಟ್ಟರೆ ಒಂದು ದಿನದ ಮೇಲೆ ಇನ್ನಷ್ಟು ಹೊತ್ತು ಓಡುತ್ತದೆ, ಆಮೇಲೆ ನಿಲ್ಲುತ್ತದೆ. ಯಾರೂ ಕೀ ಕೊಟ್ಟಿಲ್ಲ, ನಿಂತಿದೆ. ಕೊಟ್ಟರೂ ಓಡದಿದ್ದರೆ ಎಣ್ಣೆ ಒಣಗಿರುತ್ತದೆ. ಬಿಚ್ಚಿ ತೊಳೆದು ಎಣ್ಣೆ ಹಾಕುವ ಹಳೆ ಕೆಲಸಗಾರರು ನಿಮ್ಮ ಊರಿನಲ್ಲಿ ಇನ್ನೂ ಇರಬೇಕು. ಇವರ ಜೊತೆ ಕೆಲಸ ಮಾಡಿದವರೇ ಯಾರಾದರೂ ಸಿಕ್ಕಿಯಾರು. ಒಂದೇ ಮಾತು, ಜೋರಾಗಿ ಬಲವಂತ ಮಾಡಿ ಕೀ ತಿರುಗಿಸಬೇಡಿ. ಓಡಿದರೆ ಯಾರು ಕಟ್ಟಿಕೊಳ್ಳಬೇಕು ಅನ್ನುವುದು ನಿಮ್ಮ ಮನೆಯ ತೀರ್ಮಾನ. ನನ್ನನ್ನು ಕೇಳಿದರೆ ಆ 17 ಮಾಣಿಕ್ಯಕ್ಕೆ ಒಬ್ಬಳೇ ವಾರಸುದಾರಳು.

ಕೆಲಸದ ಮಾತು ಎರಡು ಇವೆ. ಸಾವಿನ ದಿನದ ವಿವರ, ಆಸ್ಪತ್ರೆಯ ಹನ್ನೊಂದು ದಿನ, ಇವನ್ನು ತೆಗೆದಿದ್ದೇನೆ. ಅದು ನಿಮಗೆ ಇನ್ನೂ ಹಸಿ. ಬೇಕಾದರೆ ಇನ್ನೊಂದು ವರ್ಷ ಬಿಟ್ಟು ಬರೆಯಿರಿ. ಫೋಟೋಗೆ ಕೋಟು ಹಾಕಿದ್ದು ಬೇಡ. ಪಂಚೆ ಎತ್ತಿ ಕಟ್ಟಿಕೊಂಡು ಬೋರ್‌ವೆಲ್ಲಿನ ಕೈಪಂಪು ಹೊಡೆಯುತ್ತಾ ಯಾರನ್ನೋ ಗದರುತ್ತಿರುವ ಫೋಟೋ ಇದೆ ಅಂದಿದ್ದೀರಲ್ಲ, ಅದನ್ನು ಕಳಿಸಿ.

ಲೇಖನದ ಮೇಲೆ ನಿಮ್ಮ ಹೆಸರು ಇರುತ್ತದೆ, 'ಕೋಂ' ಇಲ್ಲದೆ. ಫೋಟೋ ಕೆಳಗೆ ಅವರ ಹೆಸರು ಹಾಕಲೇಬೇಕು, ಅದು ಪತ್ರಿಕೆಯ ನಿಯಮ. ನಾನೇ ಲಕೋಟೆ ನೋಡಿ ಹಾಕಿಕೊಳ್ಳಬಹುದಿತ್ತು. ಆದರೆ ಟಪಾಲಿನ ಚೀಲ ಮಳೆಯಲ್ಲಿ ನೆನೆದಿತ್ತು. ನಿಮ್ಮ ಹೆಸರು ಸ್ಪಷ್ಟವಾಗಿದೆ, 'ಕೋಂ ಲೇಟ್' ಕೂಡ. ಅದರ ಮುಂದಿನ ಶಾಯಿ ಕದಡಿ, ಮೊದಲ ಎರಡಕ್ಷರ ಬಿಟ್ಟರೆ ಉಳಿದದ್ದು ಓದೋಕಾಗುತ್ತಿಲ್ಲ. ಒಂದು ಕಾರ್ಡಿನಲ್ಲಿ ಬಿಡಿಸಿ ಬರೆದು ಕಳಿಸಿ. ಮೊಮ್ಮಗಳ ಕೈಯಲ್ಲಿ ಬರೆಸಿದರೂ ನಡೆಯುತ್ತದೆ.

— ಸಂಪಾದಕ