ಬಂದೂಕು ಹಿಡಿದವನಿಗೆ ಲಂಚದ ಪಾಠವೇಕೆ?

ಪ್ರಶ್ನೆ: ಸೇನೆಯಲ್ಲಿ ಹವಾಲ್ದಾರನಾಗಿರುವ ನನ್ನ ಮಗ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯೊಂದಿಗೆ ದಕ್ಷಿಣ ಸುಡಾನ್‌ಗೆ ಹೊರಟಿದ್ದಾನೆ. ಹೊರಡುವ ಮುನ್ನ ಲಂಚ, ಉಡುಗೊರೆಗಳ ಬಗ್ಗೆಯೂ ತರಗತಿ ಇದೆಯಂತೆ. ಗಡಿ ಕಾದವನ ಮೇಲೆ ಅಷ್ಟೂ ನಂಬಿಕೆ ಇಲ್ಲವೇ?
– ಒಬ್ಬ ತಾಯಿ, ಸೋಮವಾರಪೇಟೆ

ಉತ್ತರ: ಇಲ್ಲಿ ಅನುಮಾನ ನಿಮ್ಮ ಮಗನ ಮೇಲಲ್ಲ, ತಾಯಿ. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯನ್ನು ಮುನ್ನಡೆಸಿ 1965ರಲ್ಲಿ ಅಲ್ಲೇ ತೀರಿಕೊಂಡ ಜನರಲ್ ತಿಮ್ಮಯ್ಯನವರ ಜಿಲ್ಲೆಯವರು ನೀವು. ಶಾಂತಿಪಾಲನೆಯ ಘನತೆಯನ್ನು ನಿಮಗೆ ನಾನು ಹೇಳಬೇಕಿಲ್ಲ. ಆದರೆ ಸೇನೆಯ ಸರಬರಾಜು ವಿಭಾಗದಲ್ಲಿ ಬದುಕು ಸವೆಸಿದವನಾಗಿ ಲಾರಿ, ಡೀಸೆಲ್, ಅಕ್ಕಿಮೂಟೆಯ ಕಥೆ ಹೇಳಬಲ್ಲೆ.

ಅಫ್ಘಾನಿಸ್ತಾನದಲ್ಲಿ ಅಮೆರಿಕದ ಸೇನೆ ತನ್ನ ಸಾಮಾನು ಸಾಗಿಸಲು 216 ಕೋಟಿ ಡಾಲರ್‌ಗಳ ಗುತ್ತಿಗೆ ಕೊಟ್ಟಿತು. ಲಾರಿಗಳ ಕಾವಲಿನ ಹೊಣೆಯೂ ಗುತ್ತಿಗೆದಾರರದೇ. ಅವರು ದಾರಿಯುದ್ದಕ್ಕೂ ಬಂದೂಕುಧಾರಿ ಸರದಾರರಿಗೆ ಹಣ ಕೊಟ್ಟು ಲಾರಿ ದಾಟಿಸಿದರು. ಆ ಹಣದಲ್ಲಿ ಒಂದು ಪಾಲು ತಾಲಿಬಾನಿಗೂ ಸೇರುತ್ತಿರಬಹುದೆಂದು 2010ರ ಜೂನ್‌ನಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೇ ಎಚ್ಚರಿಸಿತು. ತನ್ನ ಮೇಲೆ ಗುಂಡು ಹಾರಿಸುವವನಿಗೆ ತಾನೇ ಸಂಬಳ ಕೊಟ್ಟಂತೆ! ಲಂಚದ ಜಾಲ ಬಿಡಿಸಲು ಅಲ್ಲಿನ ವಿದೇಶಿ ಪಡೆಗಳು ‘ಶಫಾಫಿಯತ್’ (ಪಾರದರ್ಶಕತೆ) ಎಂಬ ವಿಶೇಷ ತಂಡ ಕಟ್ಟಿದ್ದೂ ಅದೇ ವರ್ಷ. ಅಷ್ಟರಲ್ಲಿ ಯುದ್ಧ ಶುರುವಾಗಿ ಸುಮಾರು ಒಂಬತ್ತು ವರ್ಷವಾಗಿತ್ತು. ಅಫ್ಘನ್ ಸೇನೆಯ ಹಾಜರಿ ಪುಸ್ತಕದಲ್ಲಂತೂ ಇಲ್ಲದ ಸಿಪಾಯಿಗಳ ಹೆಸರಿಗೂ ಸಂಬಳ ಬರೆಯುತ್ತಿದ್ದರು.

‘ಲಂಚ ತಿನ್ನಬೇಡ’ ಎಂದು ಉಪದೇಶಿಸಲು ತರಗತಿ ಬೇಕಿಲ್ಲ. ಅದನ್ನು ನೀವು ಮನೆಯಲ್ಲೇ ಕಲಿಸಿದ್ದೀರಿ. ಕಲಿಯಬೇಕಾದದ್ದು ಗುರುತಿಸುವುದನ್ನು. ಜನರೇಟರ್ ಓಡಿದ ಗಂಟೆಗೂ ಡೀಸೆಲ್ ಚೀಟಿಗೂ ತಾಳೆಯಾಗುತ್ತಿದೆಯೇ? ಪ್ರತಿ ಟೆಂಡರ್ ಒಬ್ಬನಿಗೇ ಏಕೆ ಸಿಗುತ್ತಿದೆ? ಪರಿಹಾರದ ಧಾನ್ಯ ಹೊತ್ತ ಲಾರಿಯನ್ನು ಚೌಕಿಯಲ್ಲಿ ನಿಲ್ಲಿಸಿದವನು ಯಾರ ಆಳು? ಕಂಡ ಕೂಡಲೇ ಪೊಲೀಸಗಿರಿಗೆ ಇಳಿಯುವುದೂ ತಪ್ಪು, ಅದು ಪರರ ನೆಲ. ದಿನಾಂಕ, ಸ್ಥಳ, ವಾಹನದ ಸಂಖ್ಯೆ ಬರೆದಿಟ್ಟು ಮೇಲಿನವರಿಗೆ ತಿಳಿಸಬೇಕು. ಮೇಲಿನವರೇ ಪಾಲುದಾರರಾಗಿದ್ದರೆ ವಿಶ್ವಸಂಸ್ಥೆಯ ಆಂತರಿಕ ಮೇಲ್ವಿಚಾರಣಾ ಕಚೇರಿಗೆ ನೇರವಾಗಿ ದೂರು ಕೊಡಬಹುದು. ಈ ದಾರಿ ಗೊತ್ತಿಲ್ಲದೆ ಬಾಯಿ ಮುಚ್ಚಿಕೊಳ್ಳುವ ಪ್ರಾಮಾಣಿಕರೇ ಹೆಚ್ಚು.

ಇನ್ನು ಉಡುಗೊರೆ: ನೀಲಿ ಟೋಪಿಯ ಶಾಂತಿಪಾಲಕರಿಗೆ ವಿಶ್ವಸಂಸ್ಥೆ ಹಾಕಿರುವ ನಡತೆಯ ನಿಯಮಗಳಲ್ಲೇ ಅದನ್ನು ಕೇಳಬಾರದು, ಪಡೆಯಬಾರದು ಎಂದಿದೆ. ಗುತ್ತಿಗೆದಾರ ಮೊದಲು ಕೊಡುವುದು ಚಹಾ, ಆಮೇಲೆ ಮೊಬೈಲ್. ಎಲ್ಲಿ ಬೇಡ ಎನ್ನಬೇಕೆಂದು ಮೊದಲೇ ಅಭ್ಯಾಸ ಮಾಡಿಸಿದ್ದರೆ ಮುಜುಗರವಿರುವುದಿಲ್ಲ.

ನನ್ನ ತಕರಾರು ಬೇರೆ. ಇಂಥ ಪಾಠ ಅಧಿಕಾರಿಗಳಿಗೆ ಮಾತ್ರ ಸಾಲದು. ಸ್ಟೋರಿನಲ್ಲಿ ಡೀಸೆಲ್ ಅಳೆದು ಸಹಿ ಹಾಕುವವನು ಹವಾಲ್ದಾರ. ಮೊದಲ ಬೆಂಚು ಅವನಿಗೇ ಸಿಗಬೇಕು.